ಮೂರು ತಿಂಗಳೊಳಗಿನ ಮರೆವು: ಲಿಂಬಿಕ್ ಎನ್ಸೆಫಲೈಟಿಸ್ ಬಗ್ಗೆ ಕೊಡಗಿನ ಮನೆಮಂದಿಗೆ

ಮನೆಯ ಹಿರಿಯರಿಗೆ ಮರೆವು ಶುರುವಾಗಿದೆ ಅಂದರೆ ನಮ್ಮಲ್ಲಿ ಮೊದಲು ಕೇಳುವುದು ‘ವಯಸ್ಸೆಷ್ಟು?’ ಅಂತ. ಅರವತ್ತು ದಾಟಿದೆ ಅಂದ ಕೂಡಲೇ ಮಾತು ಅಲ್ಲಿಗೆ ಮುಗಿಯುತ್ತದೆ. ಅದಕ್ಕೂ ಮೊದಲು ಕೇಳಬೇಕಾದ್ದು ‘ಎಷ್ಟು ದಿನದಿಂದ?’ ಅಂತ. ಆಲ್‌ಝೈಮರ್ಸ್‌ನಂಥ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಆವರಿಸುತ್ತದೆ, ಯಾವಾಗ ಶುರುವಾಯಿತೆಂದು ಹೇಳಲೂ ಮನೆಯವರಿಗೆ ಆಗುವುದಿಲ್ಲ. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಆಳುಗಳ ಸಂಬಳದ ಲೆಕ್ಕವನ್ನೆಲ್ಲ ತಾವೇ ಬರೆದಿಟ್ಟವರು ಹೂಮಳೆ ಬೀಳುವಷ್ಟರಲ್ಲಿ ಬೆಳಗಿನ ತಿಂಡಿ ತಿಂದದ್ದನ್ನೇ ಮರೆಯುತ್ತಿದ್ದಾರೆ ಅಂದರೆ ಅದು ವಯಸ್ಸಿನ ಮರೆವಲ್ಲ. ಅದಕ್ಕೊಂದು ಕಾರಣ ಇರುತ್ತದೆ, ಅದನ್ನು ಬೇಗ ಹುಡುಕಬೇಕು. ಆ ಕಾರಣಗಳಲ್ಲಿ ಒಂದು ಲಿಂಬಿಕ್ ಎನ್ಸೆಫಲೈಟಿಸ್. ಅಪರೂಪದ ಕಾಯಿಲೆ, ನಿಜ. ಆದರೆ ಇದಕ್ಕೆ ಚಿಕಿತ್ಸೆ ಇದೆ, ಚಿಕಿತ್ಸೆ ತಡವಾದಷ್ಟೂ ನೆನಪು ಮರಳುವುದು ಕಷ್ಟವಾಗುತ್ತದೆ. ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಅದಕ್ಕೇ.

ಮಿದುಳಿನ ಎಡಬಲ ಪಕ್ಕಗಳಲ್ಲಿ, ಹೆಚ್ಚುಕಡಿಮೆ ಕಿವಿಯ ಮಟ್ಟದಲ್ಲಿ, ಟೆಂಪೊರಲ್ ಹಾಲೆಗಳಿವೆ. ಅವುಗಳ ಒಳಮಗ್ಗುಲಲ್ಲಿ ಹಿಪೊಕ್ಯಾಂಪಸ್ ಇರುತ್ತದೆ. ಇವತ್ತು ನಡೆದದ್ದನ್ನು ನಾಳೆಗೆ ನೆನಪಾಗಿ ಉಳಿಸುವುದು, ದಾರಿ ಗುರುತಿಟ್ಟುಕೊಳ್ಳುವುದು ಅದರ ಕೆಲಸ. ಅದಕ್ಕೆ ತಾಗಿಕೊಂಡೇ ಮುಂದೆ ಅಮಿಗ್ಡಲಾ ಇದೆ. ಭಯ, ಸಿಟ್ಟು, ಎದುರಿಗಿರುವವರ ಮುಖಭಾವ ಓದುವುದು ಅದಕ್ಕೆ ಸೇರಿದ್ದು. ಈ ಜಾಗಗಳಿಗೆ ಉರಿಯೂತ ಬಂದರೆ ಅದೇ ಲಿಂಬಿಕ್ ಎನ್ಸೆಫಲೈಟಿಸ್. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೈರ್ಲಿ, ಕೊರ್ಸೆಲಿಸ್ ಮತ್ತು ಸಂಗಡಿಗರು ಮೂವರು ರೋಗಿಗಳಲ್ಲಿ ಇದನ್ನು ಮೊದಲು ವಿವರಿಸಿದರು. 1968ರಲ್ಲಿ ಕೊರ್ಸೆಲಿಸ್ ತಂಡ ಈ ಹೆಸರು ಕೊಟ್ಟು, ಶ್ವಾಸಕೋಶದ ಕ್ಯಾನ್ಸರ್‌ಗೂ ಇದಕ್ಕೂ ಇರುವ ನಂಟನ್ನು ತೋರಿಸಿತು. ಆಮೇಲೆ ಬಹುಕಾಲ ಇದನ್ನು ಕ್ಯಾನ್ಸರ್‌ನ ಬೆನ್ನಿಗೇ ಬರುವ, ಮದ್ದಿಲ್ಲದ ಕಾಯಿಲೆ ಎಂದೇ ತಿಳಿದಿದ್ದರು. ಆ ತಿಳಿವಳಿಕೆ ಬದಲಾದದ್ದು ಮಿದುಳಿನ ಮೇಲೇ ಎರಗುವ ಆಂಟಿಬಾಡಿಗಳು (ಸೋಂಕಿನ ವಿರುದ್ಧ ಹೋರಾಡಲು ದೇಹವೇ ತಯಾರಿಸುವ ಪ್ರೋಟೀನುಗಳು) ಒಂದೊಂದಾಗಿ ಪತ್ತೆಯಾದಾಗ. 2007ರಲ್ಲಿ ಎನ್‌ಎಂಡಿಎ ಗ್ರಾಹಕದ (ನರಕೋಶ ಸಂದೇಶ ಪಡೆಯುವ ಪ್ರೋಟೀನಿನ) ವಿರುದ್ಧದ ಆಂಟಿಬಾಡಿ, 2010ರಲ್ಲಿ ಎಲ್‌ಜಿಐ1 ಎಂಬ ಪ್ರೋಟೀನಿನ ವಿರುದ್ಧದ ಆಂಟಿಬಾಡಿ ಸಿಕ್ಕವು.

ಆಂಟಿಬಾಡಿ ಯಾವುದು ಎಂಬುದರ ಮೇಲೆ ಮುಂದಿನ ದಾರಿ ನಿಲ್ಲುತ್ತದೆ. ಎಲ್‌ಜಿಐ1, ಕ್ಯಾಸ್ಪರ್2, ಗಾಬಾ-ಬಿ, ಆಂಪಾ ಇವು ನರಕೋಶದ ಹೊರಮೈಗೆ ಸಂಬಂಧಪಟ್ಟವು. ಇಲ್ಲಿ ಆಂಟಿಬಾಡಿಯೇ ಕೋಶಗಳ ನಡುವಿನ ಸಂಪರ್ಕವನ್ನು ಕೆಡಿಸುತ್ತದೆ, ಕೋಶ ಸಾಯುವ ಮೊದಲೇ ಆಂಟಿಬಾಡಿಯನ್ನು ಇಳಿಸಿದರೆ ರೋಗಿ ಚೇತರಿಸಿಕೊಳ್ಳುತ್ತಾರೆ. ಹು, ಎಂಎ2 ಮೊದಲಾದವು ಕೋಶದ ಒಳಗಿನ ಪ್ರೋಟೀನುಗಳ ವಿರುದ್ಧ ಹುಟ್ಟಿದವು. ಅಲ್ಲಿ ದೇಹದ ರಕ್ಷಣೆಗಿರುವ ಟಿ ಕೋಶಗಳು ನರಕೋಶಗಳನ್ನೇ ಕೊಲ್ಲುತ್ತವೆ, ಹಿಂದೆ ಸಾಮಾನ್ಯವಾಗಿ ಗಡ್ಡೆ ಅಡಗಿರುತ್ತದೆ, ಚೇತರಿಕೆ ಕಡಿಮೆ. ಹು ಆಂಟಿಬಾಡಿ ಕಂಡರೆ ಶ್ವಾಸಕೋಶದ ಸಣ್ಣಕೋಶದ ಕ್ಯಾನ್ಸರ್ ಹುಡುಕುತ್ತಾರೆ. ಎಂಎ2 ಆದರೆ, ಅದರಲ್ಲೂ 50 ದಾಟದ ಗಂಡಸರಲ್ಲಿ, ವೃಷಣದ ಸ್ಕ್ಯಾನ್ ಮಾಡುತ್ತಾರೆ. ಗಾಬಾ-ಬಿ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಶ್ವಾಸಕೋಶದ ಗಡ್ಡೆ ಇರುತ್ತದೆ. ಎಲ್‌ಜಿಐ1 ಇರುವವರಲ್ಲಿ ಗಡ್ಡೆ ವಿರಳ. ದೊಡ್ಡವರಲ್ಲಿ, ಹೆಚ್ಚಾಗಿ 60ರ ಆಸುಪಾಸಿನ ಗಂಡಸರಲ್ಲಿ, ಕಾಣುವುದು ಇದೇ ಆದ್ದರಿಂದ ಮುಂದೆ ಹೇಳುವುದರಲ್ಲಿ ಹೆಚ್ಚಿನ ಪಾಲು ಇದರದ್ದು.

ಮೂರು ಸೆಕೆಂಡಿನ ಸೆಳೆತ

ಎಲ್‌ಜಿಐ1 ಕಾಯಿಲೆಯಲ್ಲಿ ಎಷ್ಟೋ ಸಲ ಮರೆವಿಗೂ ಮೊದಲೇ ಒಂದು ಗುರುತು ಕಾಣುತ್ತದೆ. ಕಾಫಿ ಲೋಟ ಹಿಡಿದು ಕೂತವರ ಮೊಣಕೈ ಥಟ್ಟನೆ ಮಡಚಿಕೊಳ್ಳುತ್ತದೆ, ಬೆರಳುಗಳು ಬಿಗಿಯುತ್ತವೆ, ಅದೇ ಪಕ್ಕದ ಕೆನ್ನೆ ಸೊಟ್ಟಗಾಗುತ್ತದೆ. ಎರಡು ಮೂರು ಸೆಕೆಂಡು, ಅಷ್ಟೇ. ಲೋಟ ಕೆಳಗೆ ಬಿದ್ದಿರುತ್ತದೆ, ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ. ಒಮ್ಮೆ ಬಲಗಡೆ, ಇನ್ನೊಮ್ಮೆ ಎಡಗಡೆ ಬರಬಹುದು. ಕಾಲಿಗೂ ಬಂದರೆ ನಿಂತಲ್ಲೇ ಬೀಳುತ್ತಾರೆ. ದಿನಕ್ಕೆ ಹತ್ತಾರು ಸಲ, ಕೆಲವರಿಗೆ ನೂರಕ್ಕೂ ಹೆಚ್ಚು ಸಲ ಬರುತ್ತದೆ. ಡಾಕ್ಟರರು ಇದನ್ನು ಫೇಸಿಯೋಬ್ರೇಕಿಯಲ್ ಡಿಸ್ಟೋನಿಕ್ ಸೀಜರ್ ಎನ್ನುತ್ತಾರೆ. ಮನೆಯಲ್ಲಿ ಇದಕ್ಕೆ ವಾಯು, ನಿಶ್ಶಕ್ತಿ, ಹೆದರಿಕೆ ಎಂಬ ಹೆಸರುಗಳು ಬೀಳುತ್ತವೆ. ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಹೆಚ್ಚಿನವರಿಗೆ ಏನೂ ಕಾಣದ ಕಾರಣ ‘ಮನಸ್ಸಿನದ್ದು’ ಎಂದು ವಾಪಸ್ ಕಳಿಸುವುದೂ ಉಂಟು. ಫಿಟ್ಸ್ ಮಾತ್ರೆಗೆ ಇದು ಸುಲಭಕ್ಕೆ ಬಗ್ಗುವುದಿಲ್ಲ, ಸ್ಟೀರಾಯ್ಡ್‌ಗೆ ಬಗ್ಗುತ್ತದೆ. ಈ ಹಂತದಲ್ಲೇ ಹಿಡಿದು ಚಿಕಿತ್ಸೆ ಕೊಟ್ಟರೆ ಮರೆವಿನ ಹಂತವನ್ನೇ ತಪ್ಪಿಸುವ ಸಾಧ್ಯತೆ ಇದೆ.

ಇಲ್ಲಿ ಮನೆಯವರು ಮಾಡಬಹುದಾದ ಅತಿ ದೊಡ್ಡ ಉಪಕಾರ ಮೊಬೈಲ್ ವಿಡಿಯೋ. ರೋಗಿಯನ್ನು ಬೆಳಕಿನಲ್ಲಿ, ಜಗಲಿಯಲ್ಲೋ ಕಿಟಕಿ ಪಕ್ಕದಲ್ಲೋ ಕೂರಿಸಿ. ಕಂಬಳಿ, ಸ್ವೆಟರ್ ತೆಗೆಸಿ, ಎರಡೂ ಕೈ ಮತ್ತು ಮುಖ ಒಟ್ಟಿಗೆ ಕಾಣಬೇಕು. ಫೋನನ್ನು ಅಡ್ಡ ಹಿಡಿದು ಹತ್ತು ನಿಮಿಷ ಬಿಡದೆ ಚಿತ್ರಿಸಿ. ಸೆಳೆತ ಬಂದ ಮೇಲೆ ಫೋನ್ ಹುಡುಕಿದರೆ ಮೂರು ಸೆಕೆಂಡು ಆಗಲೇ ಮುಗಿದಿರುತ್ತದೆ. ಸೆಳೆತ ಮುಗಿದ ಕೂಡಲೇ ಹೆಸರು ಹಿಡಿದು ಕರೆದು ಮಾತಾಡಿಸಿ, ಉತ್ತರವೂ ದಾಖಲಾಗಲಿ. ಮಡಿಕೇರಿಯಿಂದ ಬೆಂಗಳೂರು ಸುಮಾರು 260 ಕಿ.ಮೀ.; ಅಷ್ಟು ದೂರ ಹೋಗುವ ಮೊದಲೇ ಆ ವಿಡಿಯೋ ನರರೋಗ ತಜ್ಞರ ಕಣ್ಣಿಗೆ ಬಿದ್ದರೆ ವಾರಗಳೇ ಉಳಿಯುತ್ತವೆ.

ಬೇರೆ ಬಗೆಯ ಫಿಟ್ಸ್ ಕೂಡ ಬರುತ್ತವೆ, ಅವು ಇನ್ನೂ ಸೂಕ್ಷ್ಮ. ಇದ್ದಕ್ಕಿದ್ದಂತೆ ಒಂದು ಕೈಯ ರೋಮ ನಿಮಿರುವುದು, ಹೊಟ್ಟೆಯಿಂದ ಏನೋ ಮೇಲಕ್ಕೆ ಏರಿದ ಹಾಗೆ ಆಗುವುದು, ಕಾರಣವಿಲ್ಲದೆ ಅರ್ಧ ನಿಮಿಷ ವಿಪರೀತ ಭಯ, ಶೂನ್ಯ ನೋಟ, ಬಾಯಿ ಚಪ್ಪರಿಸುವುದು. ಮಳೆಗಾಲದ ಚಳಿಯಲ್ಲಿ ಮೈ ಜುಮ್ಮೆನ್ನುವುದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಒಂದೇ ತೆರನಾಗಿ, ಅಷ್ಟೇ ಹೊತ್ತು, ಮತ್ತೆ ಮತ್ತೆ ಬರುತ್ತಿದೆಯೇ ಎಂದು ಗಮನಿಸಿ.

ನೆನಪು ಹೋಗುವ ರೀತಿ

ಹಳೆಯದು ಉಳಿದಿರುತ್ತದೆ, ಹೊಸದು ಅಂಟುವುದಿಲ್ಲ. ಮದುವೆಯಾದ ವರ್ಷ, ತೋಟ ಕೊಂಡ ಬೆಲೆ ಎಲ್ಲ ಸರಿಯಾಗಿ ಹೇಳುತ್ತಾರೆ. ನಿನ್ನೆ ಮನೆಗೆ ಬಂದ ಮಗಳನ್ನು ಇವತ್ತು ‘ಯಾವಾಗ ಬರುತ್ತಾಳೆ?’ ಎಂದು ಕೇಳುತ್ತಾರೆ. ಹಿಂದಿನ ಕೆಲವು ತಿಂಗಳು, ಕೆಲವೊಮ್ಮೆ ವರ್ಷಗಳೇ, ಅಳಿಸಿಹೋಗಿರುತ್ತವೆ. ಕೈಕೆಲಸದ ನೆನಪಿಗೆ ಮಾತ್ರ ಬೇರೆಯೇ ದಾರಿ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ ಫಿಟ್ಸ್ ನಿಲ್ಲಿಸಲೆಂದು ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಆಮೇಲೆ ಅವರಿಗೆ ಹೊಸ ಘಟನೆ ಯಾವುದೂ ನೆನಪಾಗಿ ಉಳಿಯಲಿಲ್ಲ. ಆದರೂ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟಾಗ, ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತ ಬಂತು. ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ. ನಮ್ಮ ರೋಗಿಗಳೂ ಹೀಗೆಯೇ: ಕಾಫಿ ಗಿಡದ ಚಿಗುರು ತೆಗೆಯುವ ಕೈ ಎಂದಿನಂತೆ ಓಡುತ್ತದೆ, ಯಾವ ಸಾಲು ಮುಗಿಸಿದೆ ಎಂಬುದು ಗೊತ್ತಿರುವುದಿಲ್ಲ. ‘ಕೆಲಸ ಮಾಡುತ್ತಾನಲ್ಲ, ಮರೆವು ನಾಟಕ’ ಎಂದು ದೂರುವವರು ಇದನ್ನು ತಿಳಿದುಕೊಳ್ಳಬೇಕು.

ನೆನಪಿನ ಖಾಲಿ ಜಾಗವನ್ನು ಮಿದುಳು ತಾನೇ ಕತೆ ಹೆಣೆದು ತುಂಬುತ್ತದೆ. ಮನೆಯಲ್ಲೇ ಇದ್ದವರು ‘ಗೋಣಿಕೊಪ್ಪ ಸಂತೆಗೆ ಹೋಗಿದ್ದೆ’ ಎನ್ನುತ್ತಾರೆ. ಇದು ಸುಳ್ಳಲ್ಲ, ಅವರ ಮಟ್ಟಿಗೆ ಅದು ನಡೆದದ್ದೇ. ಕೊಟ್ಟ ಸಂಬಳವನ್ನು ಎರಡನೇ ಸಲ ಕೊಡುವುದು, ಇಟ್ಟ ಹಣ ಸಿಗದೆ ಕೆಲಸದವರ ಮೇಲೆ ಕಳ್ಳತನ ಹೊರಿಸುವುದು ಕೂಡ ಇದರಿಂದಲೇ. ಎಷ್ಟೋ ವರ್ಷದ ನಂಬಿಕೆ ಒಂದು ವಾರದಲ್ಲಿ ಮುರಿಯುತ್ತದೆ, ಅದನ್ನು ನೆನೆದರೆ ಸಂಕಟವಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪದ ಹೇಳಿ: ಏಲಕ್ಕಿ, ಏಣಿ, ಕನ್ನಡಿ. ಅವರಿಂದ ಹೇಳಿಸಿ. ಆಮೇಲೆ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಲು ಕೇಳಿ: ಶನಿ, ಶುಕ್ರ, ಗುರು ಹೀಗೆ. ಐದು ನಿಮಿಷ ಬೇರೆ ಮಾತಾಡಿ ಮತ್ತೆ ಆ ಮೂರು ಪದ ಕೇಳಿ. ಜ್ವರ, ಸೋಂಕು, ಮದ್ಯ ಬಿಟ್ಟಾಗಿನ ಗೊಂದಲದಲ್ಲಿ ಗಮನವೇ ಚದುರಿರುತ್ತದೆ, ದಿನಗಳ ಹೆಸರೇ ದಾರಿ ತಪ್ಪುತ್ತವೆ. ಹಿಪೊಕ್ಯಾಂಪಸ್‌ಗೆ ಪೆಟ್ಟಾದಾಗ ದಿನಗಳನ್ನು ಸರಾಗವಾಗಿ ಹೇಳಬಹುದು; ಮೂರು ಪದಗಳಲ್ಲಿ ಒಂದೂ ಬರುವುದಿಲ್ಲ, ಕೆಲವೊಮ್ಮೆ ಪದ ಹೇಳಿಕೊಟ್ಟದ್ದೇ ನೆನಪಿರುವುದಿಲ್ಲ. ಇದರಿಂದ ರೋಗನಿರ್ಣಯ ಆಗದು, ಆದರೆ ಡಾಕ್ಟರಿಗೆ ಹೇಳಲು ನಿಮ್ಮ ಕೈಯಲ್ಲಿ ಒಂದು ಗಟ್ಟಿ ಮಾತು ಇರುತ್ತದೆ.

ನಡತೆಯ ಬದಲಾವಣೆ ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಿಗೆ ಸಂಜೆಯಾದರೆ ಭಯ, ಅನುಮಾನ, ಇಲ್ಲದವರ ದನಿ ಕೇಳುವುದು. ಕೆಲವರು ಮೂಲೆ ಹಿಡಿದು ಕೂರುತ್ತಾರೆ, ಸಾವಿನ ಮನೆಗೆ ಹೋದರೂ ಮುಖದಲ್ಲಿ ಬೇಸರವಿಲ್ಲ. ಕೆಲವರಿಗೆ ಕ್ಷುಲ್ಲಕ ಕಾರಣಕ್ಕೆ ಕಡುಕೋಪ, ಊಟ ಎಷ್ಟಾಯಿತೆಂದು ತಿಳಿಯದಿರುವುದು, ಹಿಂದೆಂದೂ ಆಡದ ಅಸಭ್ಯ ಮಾತು. ನಿದ್ರೆ ಪೂರ್ತಿ ಕೆಡಬಹುದು. ಇಂಥ ಹೊತ್ತಿನಲ್ಲಿ ಪ್ರಶ್ನೆ ಇಡಿಸುವುದು, ಹರಕೆ ಹೊರುವುದು ನಮ್ಮ ಊರಿನ ರೂಢಿ. ದೇವರ ಕೆಲಸ ಬೇಡವೆಂದು ಯಾರಿಗೂ ಹೇಳಲಾರೆ. ಅದೇ ವಾರ ರಕ್ತಪರೀಕ್ಷೆಯೂ ಆಗಲಿ. ಲೈನ್ ಮನೆಗಳಲ್ಲಿರುವ ಕಾರ್ಮಿಕರ ಪಾಡು ಇನ್ನೂ ಕಷ್ಟ. ಅಲ್ಲಿ ಎಲ್ಲಕ್ಕೂ ‘ಕುಡಿತ’ ಅನ್ನುವ ಒಂದೇ ಉತ್ತರ ಸಿದ್ಧವಾಗಿರುತ್ತದೆ. ಕುಡಿಯುವವರಿಗೆ ಥಯಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಕೊಡಲೇಬೇಕು, ಗ್ಲೂಕೋಸ್ ಏರಿಸುವ ಮೊದಲೇ ಕೊಡಬೇಕು. ಕೊಟ್ಟ ಮೇಲೂ ಗೊಂದಲ ಇಳಿಯದಿದ್ದರೆ ಕುಡಿತದ ಕತೆಗೆ ಅಂಟಿಕೊಂಡು ಕೂರಬಾರದು.

ಆಸ್ಪತ್ರೆಯಲ್ಲಿ

ಮೊದಲು ಸೋಡಿಯಂ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ. ರಕ್ತದಲ್ಲಿ 135ರಿಂದ 145 ಇರಬೇಕಾದ ಸೋಡಿಯಂ ಎಲ್‌ಜಿಐ1 ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಳಗಿರುತ್ತದೆ. ತಪ್ಪು ನಡೆಯುವುದು ಇಲ್ಲೇ. ‘ಸೋಡಿಯಂ ಕಮ್ಮಿಯಾಗಿ ಹೀಗಾಗಿದೆ’ ಎಂದು ಬಿಪಿ ಮಾತ್ರೆ ಬದಲಿಸಿ, ಉಪ್ಪು ಕೊಟ್ಟು ಮನೆಗೆ ಕಳಿಸುತ್ತಾರೆ. ಸೋಡಿಯಂ ಸರಿಹೋದ ಮೇಲೂ ಮರೆವು, ಸೆಳೆತ ಹಾಗೆಯೇ ಇದ್ದರೆ ಸೋಡಿಯಂ ಇಳಿದದ್ದೂ ಅದೇ ಕಾಯಿಲೆಯ ಗುರುತು ಎಂದು ತಿಳಿಯಬೇಕು. ಇನ್ನೊಂದು ಮಾತು: ಇಳಿದ ಸೋಡಿಯಂ ಅನ್ನು ಅವಸರದಲ್ಲಿ ಏರಿಸಬಾರದು. 24 ಗಂಟೆಗೆ 8ರಿಂದ 10 ಅಂಕ ದಾಟಿದರೆ ಮಿದುಳುಕಾಂಡಕ್ಕೇ ಹಾನಿಯಾಗಬಹುದು.

ಜ್ವರ, ತಲೆನೋವು ಇದ್ದು ದಿನಗಳಲ್ಲೇ ಹದಗೆಟ್ಟರೆ ಮೊದಲು ಅನುಮಾನಿಸಬೇಕಾದ್ದು ಹರ್ಪಿಸ್ ವೈರಸ್. ಅದೂ ಇದೇ ಜಾಗವನ್ನು ಹಿಡಿಯುತ್ತದೆ, ಗಂಟೆಗಳ ಲೆಕ್ಕದಲ್ಲಿ ಮಿದುಳು ತಿನ್ನುತ್ತದೆ. ಬೆನ್ನುನೀರಿನ (ಬೆನ್ನುಹುರಿಯ ಸುತ್ತ ಇರುವ, ಸೂಜಿಯಿಂದ ತೆಗೆಯುವ ದ್ರವದ) ಪಿಸಿಆರ್ ವರದಿ ಬರುವವರೆಗೆ ಕಾಯದೆ ಎಸಿಕ್ಲೊವಿರ್ ಶುರುಮಾಡಬೇಕು: ತೂಕದ ಕೆ.ಜಿ.ಗೆ 10 ಮಿ.ಗ್ರಾಂ., 8 ಗಂಟೆಗೊಮ್ಮೆ ನರಕ್ಕೆ, ಖಚಿತವಾದರೆ 14ರಿಂದ 21 ದಿನ. ಮೊದಲ ಮೂರು ದಿನಗಳ ಒಳಗೆ ತೆಗೆದ ಬೆನ್ನುನೀರಿನಲ್ಲಿ ವೈರಸ್ ಸಿಗದೇ ಹೋಗಬಹುದು. ಅನುಮಾನ ಬಲವಾಗಿದ್ದರೆ ಮತ್ತೆ ತೆಗೆಯುತ್ತಾರೆ. ಹರ್ಪಿಸ್ ವಾಸಿಯಾಗಿ ಕೆಲವು ವಾರಗಳ ನಂತರ ಮತ್ತೆ ಗೊಂದಲ ಶುರುವಾದರೆ ಅದು ವೈರಸ್ ಮರುಕಳಿಸಿದ್ದೇ ಆಗಬೇಕೆಂದಿಲ್ಲ. ಎನ್‌ಎಂಡಿಎ ಆಂಟಿಬಾಡಿ ಹುಟ್ಟಿಕೊಂಡಿರಲೂಬಹುದು. ಕ್ಷಯದ ಮೆನಿಂಜೈಟಿಸ್, ಸಿಫಿಲಿಸ್, ಎಚ್‌ಐವಿ, ಥೈರಾಯ್ಡ್, ಬಿ12 ಇವನ್ನೂ ನೋಡಿಬಿಡುತ್ತಾರೆ.

2016ರಲ್ಲಿ ತಜ್ಞರು ಒಪ್ಪಿದ ಮಾನದಂಡ ಹೀಗಿದೆ: ಮೂರು ತಿಂಗಳೊಳಗೆ ಬೆಳೆದ ಮರೆವು, ಫಿಟ್ಸ್ ಅಥವಾ ಮನೋಲಕ್ಷಣ, ಎಂಆರ್‌ಐಯ ಫ್ಲೇರ್ ಚಿತ್ರದಲ್ಲಿ ಎರಡೂ ಟೆಂಪೊರಲ್ ಹಾಲೆಗಳ ಒಳಭಾಗದಲ್ಲಿ ಬಿಳುಪು, ಬೆನ್ನುನೀರಿನಲ್ಲಿ ಪ್ರತಿ ಘನ ಮಿ.ಮೀ.ಗೆ 5ಕ್ಕಿಂತ ಹೆಚ್ಚು ಬಿಳಿ ಕೋಶ, ಇಲ್ಲವೇ ಟೆಂಪೊರಲ್ ಭಾಗದ ಇಇಜಿ ವ್ಯತ್ಯಾಸ. ಜೊತೆಗೆ ಬೇರೆ ಕಾರಣ ಅಲ್ಲವೆಂಬ ಖಾತರಿ. ಎಲ್‌ಜಿಐ1ನಲ್ಲಿ ಎಂಆರ್‌ಐ, ಬೆನ್ನುನೀರು ಎರಡೂ ನಾರ್ಮಲ್ ಬರುವುದುಂಟು, ‘ಸ್ಕ್ಯಾನ್ ನಾರ್ಮಲ್, ಏನೂ ಇಲ್ಲ’ ಎಂಬ ಮಾತಿಗೆ ಸಮಾಧಾನಪಟ್ಟು ಮನೆಗೆ ಬರಬೇಡಿ. ಆಂಟಿಬಾಡಿಗೆ ರಕ್ತ ಮತ್ತು ಬೆನ್ನುನೀರು ಎರಡನ್ನೂ ಕಳಿಸಬೇಕು. ಎಲ್‌ಜಿಐ1 ರಕ್ತದಲ್ಲಿ ಚೆನ್ನಾಗಿ ಸಿಗುತ್ತದೆ, ಎನ್‌ಎಂಡಿಎ ಬೆನ್ನುನೀರಿನಲ್ಲಿ. ಚಿಕಿತ್ಸೆಗೆಂದು ಐವಿಐಜಿ ಕೊಡುವ ಮೊದಲೇ ಮಾದರಿ ತೆಗೆದಿರಬೇಕು, ಯಾಕೆಂದರೆ ಐವಿಐಜಿ ಎಂದರೆ ಬೇರೆಯವರ ಆಂಟಿಬಾಡಿಗಳ ರಾಶಿ. ವರದಿ ಬರಲು ದಿನಗಳು ಹಿಡಿಯುತ್ತವೆ. ಲಕ್ಷಣ ಸ್ಪಷ್ಟವಾಗಿದ್ದು ಸೋಂಕಿಲ್ಲ ಎಂದು ಗೊತ್ತಾದರೆ ವರದಿಗಾಗಿ ಚಿಕಿತ್ಸೆ ತಡೆಯುವುದಿಲ್ಲ.

ಮೊದಲ ಚಿಕಿತ್ಸೆ ಸ್ಟೀರಾಯ್ಡ್ ಮದ್ದಾದ ಮೀಥೈಲ್‌ಪ್ರೆಡ್ನಿಸೊಲೋನ್, ದಿನಕ್ಕೆ 1 ಗ್ರಾಂ, 3ರಿಂದ 5 ದಿನ ನರಕ್ಕೆ. ಇದು ಅಗ್ಗದ್ದು. ಐವಿಐಜಿ ದುಬಾರಿ: ಕೆ.ಜಿ.ಗೆ 0.4 ಗ್ರಾಂನಂತೆ 5 ದಿನ, ಅಂದರೆ 60 ಕೆ.ಜಿ. ತೂಕದವರಿಗೆ ದಿನಕ್ಕೆ 24 ಗ್ರಾಂ, ಒಟ್ಟು 120 ಗ್ರಾಂ. ಅದರ ಬದಲು ದಿನ ಬಿಟ್ಟು ದಿನ 5ರಿಂದ 7 ಸಲ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬದಲಿಸುವುದೂ ಉಂಟು. ಇವಕ್ಕೆ ಬಗ್ಗದಿದ್ದರೆ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ರಿಟುಕ್ಸಿಮಾಬ್ ಅಥವಾ ಸೈಕ್ಲೊಫಾಸ್ಫಮೈಡ್. ಗಡ್ಡೆ ಇದ್ದರೆ ಅದನ್ನು ತೆಗೆಯದೆ ಉಳಿದದ್ದು ಯಾವುದೂ ಪೂರ್ತಿ ಫಲ ಕೊಡುವುದಿಲ್ಲ. ಗಡ್ಡೆಯ ಅಪಾಯ ಹೆಚ್ಚಿರುವ ಆಂಟಿಬಾಡಿ ಸಿಕ್ಕಿ ಮೊದಲ ಸ್ಕ್ಯಾನ್ ಖಾಲಿ ಬಂದರೆ 4ರಿಂದ 6 ತಿಂಗಳಿಗೊಮ್ಮೆ ಎರಡು ವರ್ಷ ಮರುಪರೀಕ್ಷೆ ಮಾಡುತ್ತಾರೆ. ಬಿಪಿಎಲ್ ಕಾರ್ಡಿನವರು ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಐವಿಐಜಿ, ಆಂಟಿಬಾಡಿ ಪರೀಕ್ಷೆಗಳು ಅದರಲ್ಲಿ ಸೇರುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮನೆಯವರು ತಿಳಿದಿರಬೇಕಾದ ಎರಡು ಮದ್ದಿನ ಮಾತು. ಲೆವೆಟಿರಸೆಟಾಮ್ ಒಳ್ಳೆಯ ಫಿಟ್ಸ್ ಮಾತ್ರೆ, ಆದರೆ ಕೆಲವರಲ್ಲಿ ಸಿಟ್ಟು ಕೆರಳಿಸುತ್ತದೆ. ಮಾತ್ರೆ ಶುರುವಾದ ವಾರದಲ್ಲೇ ಬೈಗುಳ ಹೊಡೆದಾಟ ಹೆಚ್ಚಿದರೆ ಆ ತಾರೀಕು ಬರೆದಿಟ್ಟು ಡಾಕ್ಟರಿಗೆ ತೋರಿಸಿ, ನೀವೇ ನಿಲ್ಲಿಸಬೇಡಿ. ಕಾರ್ಬಮಜೆಪೀನ್, ಆಕ್ಸ್‌ಕಾರ್ಬಜೆಪೀನ್ ಈ ಕಾಯಿಲೆಯ ಫಿಟ್ಸ್‌ಗೆ ಒಗ್ಗಬಹುದು, ಸೋಡಿಯಂ ಮಾತ್ರ ಇನ್ನಷ್ಟು ಇಳಿಸುತ್ತವೆ. ಇನ್ನು ಸ್ಟೀರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ನಡೆದು ನಿಧಾನವಾಗಿ ಇಳಿಯಬೇಕು. ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆಯೂ ಮರಳಬಹುದು, ದೇಹದ ಸ್ವಂತ ಸ್ಟೀರಾಯ್ಡ್ ಇಲ್ಲದೆ ಬಿಪಿ ಕುಸಿದು ಜೀವಕ್ಕೂ ಅಪಾಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಜೂನ್ ಬರುವ ಮೊದಲೇ ಮೂರು ವಾರಕ್ಕಾಗುವಷ್ಟು ಮಾತ್ರೆ ಹೆಚ್ಚಿಗೆ ತಂದು, ಥಂಡಿ ತಾಗದ ಡಬ್ಬಿಯಲ್ಲಿಡಿ.

ಮನೆ, ತೋಟ, ಕೋವಿ

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಇಲ್ಲಿನ ಎಷ್ಟೋ ಮನೆಗಳಲ್ಲಿ ಬಂದೂಕು ಇದೆ. ಭಯ, ಅನುಮಾನ, ಕ್ಷಣದ ಕೋಪ ಇರುವ ರೋಗಿಯ ಮನೆಯಲ್ಲಿ ಅದು ಇರಬಾರದು. ಆಸ್ಪತ್ರೆಯಲ್ಲಿರುವಾಗಲೇ ದಾಖಲೆ ಸಮೇತ ಕೋವಿಯನ್ನು ಮನೆಯಿಂದ ಹೊರಗೆ ಸುರಕ್ಷಿತವಾಗಿ ಇರಿಸುವ ಏರ್ಪಾಡು ಮಾಡಿ, ಕಾನೂನುಬದ್ಧ ದಾರಿ ಯಾವುದೆಂದು ಪೊಲೀಸ್ ಠಾಣೆಯಲ್ಲಿ ಕೇಳಿ. ತೋಟಾಗಳನ್ನು ಬೇರೆ ಕಡೆ ಇಡಿ. ಕೈಲ್‌ಪೊಳ್ದ್ ಪೂಜೆಗೆ ಬೇಕೆಂದರೆ ಇನ್ನೊಬ್ಬರ ಕೈಯಲ್ಲಿ ಬಂದು, ಪೂಜೆಯಾಗಿ, ಹಾಗೇ ವಾಪಸ್ ಹೋಗಲಿ. ಕಳೆನಾಶಕ, ಕೀಟನಾಶಕದ ಕೋಣೆಗೂ ಬೀಗ ಬೇಕು.

ಫಿಟ್ಸ್ ಹತೋಟಿಗೆ ಬರುವ ತನಕ ಜೀಪು, ಬೈಕು ಓಡಿಸುವಂತಿಲ್ಲ. ಮೆಣಸು ಕೊಯ್ಯಲು ಏಣಿ ಏರುವುದು, ಒಬ್ಬರೇ ಕೆರೆ ಕಡೆಗೆ ಹೋಗುವುದು, ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ. ಹಂಡೆಯ ಕುದಿನೀರು ಬೇರೆಯವರು ತೋಡಿ ಕೊಡಲಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಕಬ್ಬಿಣ ಹಿಡಿಸಬೇಡಿ, ಬಾಯಿಗೆ ಚಮಚ ತುರುಕಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಸಿಗದ, ಆಂಬುಲೆನ್ಸ್ ಬೇಗ ತಲುಪದ ತೋಟದ ಮನೆಯವರು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬರೆದುಕೊಡುವಂತೆ ತಜ್ಞರನ್ನು ಕೇಳಿ, ಎಷ್ಟು ಸಲ ಒತ್ತಬೇಕೆಂದು ಬಾಟಲಿ ಮೇಲೇ ಬರೆಸಿಕೊಳ್ಳಿ.

ದಾರಿ ತಪ್ಪುವುದು ಇಲ್ಲಿ ಪೇಟೆಯಲ್ಲಿ ತಪ್ಪಿದಂತಲ್ಲ. ಸಿಲ್ವರ್ ಓಕ್ ನೆರಳಿನ ಕಾಫಿ ಸಾಲುಗಳು ಎಲ್ಲವೂ ಒಂದೇ ಥರ, ಅದರ ನಡುವೆ ಆನೆ. ಒಬ್ಬರೇ ತೋಟಕ್ಕೆ ಇಳಿಯದಂತೆ ಗೇಟಿಗೆ ಗಂಟೆ ಕಟ್ಟಿ, ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಿಸಿ, ಅಕ್ಕಪಕ್ಕದ ತೋಟದವರಿಗೆ ವಿಷಯ ತಿಳಿಸಿ. ಮುಚ್ಚಿಡುವುದರಿಂದ ಯಾರಿಗೂ ಒಳಿತಾಗುವುದಿಲ್ಲ.

ದಿನಚರಿಯನ್ನು ಕೈಯ ನೆನಪಿನ ಮೇಲೆ ಕಟ್ಟಿ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಕ್ರಮ. ಮಾತ್ರೆಯ ವಾರದ ಡಬ್ಬಿ ಕಾಫಿ ಲೋಟದ ಪಕ್ಕದಲ್ಲೇ ಇರಲಿ. ಒಂದು ನೋಟ್‌ಬುಕ್, ಒಂದೇ. ಅದರಲ್ಲಿ ಇವತ್ತಿನ ತಾರೀಕು, ಯಾರು ಬಂದರು, ಯಾರಿಗೆ ಎಷ್ಟು ಹಣ ಕೊಟ್ಟದ್ದು. ಹೊಸ ವಿಷಯ ಕಲಿಸುವಾಗ ‘ನೆನಪು ಮಾಡ್ಕೊ, ಏನಿರಬಹುದು?’ ಎಂದು ಊಹೆ ಮಾಡಿಸಬೇಡಿ, ಊಹಿಸಿದ ತಪ್ಪೇ ಅಂಟಿಕೊಳ್ಳುತ್ತದೆ. ಸರಿ ಉತ್ತರವನ್ನು ನೀವೇ ಹೇಳಿ, ಹೇಳಿಸಿ, ಅರ್ಧ ನಿಮಿಷ ಬಿಟ್ಟು ಕೇಳಿ, ಆಮೇಲೆ ಎರಡು ನಿಮಿಷ, ಐದು ನಿಮಿಷ. ಇಲ್ಲದ ಸಂತೆಯ ಕತೆ ಹೇಳಿದರೆ ವಾದಕ್ಕಿಳಿಯದೆ ಮಾತು ತಿರುಗಿಸಿ. ಜಗಳದ ವಿಷಯ ಮರೆತರೂ ಜಗಳದ ಕಹಿ ಅವರಲ್ಲಿ ಉಳಿಯುತ್ತದೆ. ಈ ಅವಧಿಯಲ್ಲಿ ಜಾಗದ ಪತ್ರ, ಬ್ಯಾಂಕ್ ಸಾಲ, ಕಾಫಿ ಮಾರಾಟದ ಕರಾರು ಯಾವುದಕ್ಕೂ ಅವರಿಂದ ಸಹಿ ಹಾಕಿಸಬೇಡಿ.

ಫಿಟ್ಸ್ ವಾರಗಳಲ್ಲಿ ನಿಲ್ಲಬಹುದು, ನಡತೆ ತಿಂಗಳುಗಳಲ್ಲಿ ಸುಧಾರಿಸುತ್ತದೆ, ನೆನಪು ಎಲ್ಲಕ್ಕಿಂತ ನಿಧಾನ. ಎರಡು ವರ್ಷದವರೆಗೂ ಸುಧಾರಣೆ ಕಾಣಬಹುದು. ಎಲ್‌ಜಿಐ1 ಇರುವವರಲ್ಲಿ ಹೆಚ್ಚಿನವರು ತಮ್ಮ ಕೆಲಸ ತಾವು ಮಾಡಿಕೊಳ್ಳುವ ಮಟ್ಟಕ್ಕೆ ಬರುತ್ತಾರೆ, ಆದರೆ ಸ್ವಲ್ಪ ಮರೆವು ಅನೇಕರಲ್ಲಿ ಉಳಿಯುತ್ತದೆ. ಮೂರರಲ್ಲೊಬ್ಬರವರೆಗೆ ಕಾಯಿಲೆ ಮರುಕಳಿಸಬಹುದು, ಕೆಲವೊಮ್ಮೆ ವರ್ಷಗಳ ನಂತರ. ಸ್ಟೀರಾಯ್ಡ್ ಇಳಿಸುವಾಗ ಹೆಚ್ಚು ಎಚ್ಚರ ಬೇಕು. ಕೈಯ ಆ ಮೂರು ಸೆಕೆಂಡಿನ ಸೆಳೆತ, ರಾತ್ರಿ ನಿದ್ರೆ ಕೆಡುವುದು, ಸೋಡಿಯಂ ಮತ್ತೆ ಇಳಿಯುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ತಪಾಸಣೆಯ ತಾರೀಕಿಗೆ ಕಾಯದೆ ಅದೇ ದಿನ ವಿಡಿಯೋ ಮಾಡಿ, ಸೋಡಿಯಂ ಪರೀಕ್ಷೆ ಮಾಡಿಸಿ, ನರರೋಗ ವಿಭಾಗಕ್ಕೆ ಫೋನ್ ಮಾಡಿ.